ಅಲೆಯಿಲ್ಲದ ಮೈ: ಕಾರ್ವೆಟ್ ಕಾರಿನ ಅಚ್ಚಿನ ಕಥೆ

1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಜನರಲ್ ಮೋಟರ್ಸ್ ಒಂದು ಬಿಳಿಯ ಕಾರನ್ನು ಪ್ರದರ್ಶನಕ್ಕಿಟ್ಟಿತು. ಹಾರ್ಲೆ ಅರ್ಲ್ ಅವರ ವಿನ್ಯಾಸ ತಂಡ ರೂಪಿಸಿದ್ದ ಆ ಎರಡು ಸೀಟಿನ ಷೆವರ್ಲೆ ಕಾರ್ವೆಟ್‌ನ ಮೈಗೆ ಉಕ್ಕಿನ ತಗಡು ಬಳಸಿರಲಿಲ್ಲ. ಪಾಲಿಯೆಸ್ಟರ್ ರೆಸಿನ್ ಕುಡಿದ ಗಾಜಿನ ನಾರು ಅಚ್ಚಿನಲ್ಲಿ ಗಟ್ಟಿಯಾಗಿ ಕಾರಿನ ಮೈಯಾಗಿತ್ತು. ಜನ ಮೆಚ್ಚಿದರು. ಅದೇ ವರ್ಷದ ಜೂನ್ 30ರಂದು ಮಿಷಿಗನ್ ರಾಜ್ಯದ ಫ್ಲಿಂಟ್‌ನಲ್ಲಿ ತಯಾರಿಕೆ ಶುರುವಾಯಿತು.

ಫೈಬರ್ ಗ್ಲಾಸ್ ಮೊದಲಿಗೆ ಬಂದದ್ದು ಅವಸರಕ್ಕೆ. ಉಕ್ಕಿನ ತಗಡನ್ನು ಒತ್ತುವ ಅಚ್ಚುಗಳನ್ನು ಕೆತ್ತಿ ಮುಗಿಸಲು ಬಹಳ ಕಾಲ ಬೇಕು, ಹಣವೂ ಬೇಕು. ಕೆಲವೇ ಸಾವಿರ ಕಾರುಗಳಿಗೆ ಅಷ್ಟು ಖರ್ಚು ಹುಟ್ಟುವುದಿಲ್ಲ. ಆರಂಭಕ್ಕೆ ಫೈಬರ್, ಮುಂದೆ ಉಕ್ಕು ಎಂಬ ಯೋಜನೆಯೂ ಕಂಪನಿಯಲ್ಲಿತ್ತು. ಆ ಉಕ್ಕು ಬರಲೇ ಇಲ್ಲ.

ಪ್ರದರ್ಶನದ ಒಂದೇ ಕಾರನ್ನು ವಾರಗಟ್ಟಲೆ ಉಜ್ಜಿ ನಯ ಮಾಡಬಹುದು. ನೂರಾರು ಕಾರುಗಳನ್ನು ಒಂದೇ ತೆರನಾಗಿ ತೆಗೆಯುವುದು ಬೇರೆಯದೇ ಕೆಲಸ. ಮೊದಲ ವರ್ಷದ 300 ಕಾರುಗಳು ಹೆಚ್ಚುಕಡಿಮೆ ಕೈಯಿಂದಲೇ ತಯಾರಾದವು. ಮಡ್ಗಾರ್ಡ್, ಬಾನೆಟ್, ಬಾಗಿಲುಗಳ ದಪ್ಪ ಎರಡೂವರೆ ಮಿಲಿಮೀಟರಿನ ಆಸುಪಾಸು, ಅಗಲವೋ ಮಾರುದ್ದ. ಇಷ್ಟು ತೆಳುವಾದ ಹಾಳೆಯಲ್ಲಿ ಒಂದು ಕಡೆ ನಾರು ಹೆಚ್ಚಾದರೆ ಉಬ್ಬು, ಕಡಿಮೆಯಾದರೆ ಬರೀ ರೆಸಿನ್ ನಿಂತು ಸೀಳು. ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆ ಅಚ್ಚಿನಿಂದ ತೆಗೆದಾಗ ಕಾಣಿಸದೆ, ಬಣ್ಣ ಬಳಿದು ಒಲೆಗೆ ಹಾಕಿದಾಗ ಒಡೆದು ಗುಂಡಿಯಾಗುತ್ತಿತ್ತು. ಆಗ ಪುಟ್ಟಿ ತುಂಬಿ, ಉಜ್ಜಿ, ಮತ್ತೆ ಬಣ್ಣ ಹೊಡೆಯಬೇಕು. ಉಕ್ಕಿನ ಮೈಯನ್ನೇ ವಿದ್ಯುತ್ತಿನ ಅರ್ಥಿಂಗ್ ಆಗಿ ಬಳಸಿ ರೂಢಿಯಿದ್ದವರಿಗೆ ಇನ್ನೊಂದು ಪಾಠವೂ ಕಾದಿತ್ತು: ಈ ಮೈಯಲ್ಲಿ ಕರೆಂಟು ಹರಿಯದು, ಪ್ರತಿ ದೀಪಕ್ಕೂ ಪ್ರತ್ಯೇಕ ತಂತಿ ಎಳೆಯಬೇಕು. ಅದೇ ಗುಣದಿಂದ ಒಂದು ಲಾಭವೂ ಆಯಿತು. ರೇಡಿಯೋದ ಆಂಟೆನಾವನ್ನು ಡಿಕ್ಕಿಯ ಮುಚ್ಚಳದೊಳಗೇ ಜಾಲರಿಯಾಗಿ ಹುದುಗಿಸಿಬಿಟ್ಟರು.

ಕಾರ್ವೆಟ್‌ಗೆ ವಿ-8 ಎಂಜಿನ್ ಬಂದ ಕಥೆಯನ್ನು ಕಾರುಪ್ರಿಯರು ಮತ್ತೆ ಮತ್ತೆ ಹೇಳುತ್ತಾರೆ. ಈರಿ ಸರೋವರದ ದಂಡೆಯ ಆಷ್ಟಬ್ಯೂಲಾ ಎಂಬ ಊರಿನ ಕೆಲಸ ಅದಕ್ಕಿಂತ ಕಡಿಮೆಯದಲ್ಲ. ಒಹಾಯೊ ರಾಜ್ಯದ ಆ ಊರಿನಲ್ಲಿ ರಾಬರ್ಟ್ ಮಾರಿಸನ್ 1948ರಲ್ಲಿ ಮೋಲ್ಡೆಡ್ ಫೈಬರ್ ಗ್ಲಾಸ್ ಕಂಪನಿ ಸ್ಥಾಪಿಸಿದ್ದರು. ಕಾರ್ವೆಟ್‌ನ ಮೈಯ ಗುತ್ತಿಗೆ ಅವರಿಗೆ ಸಿಕ್ಕಿತು. ಒಂದೇ ಅಚ್ಚಿನ ಮೇಲೆ ಕೈಯಿಂದ ನಾರು ಹಾಸುವ ಪದ್ಧತಿ ಬಿಟ್ಟು ಗಂಡು, ಹೆಣ್ಣು ಎರಡು ಲೋಹದ ಅಚ್ಚುಗಳ ನಡುವೆ ಬಿಸಿಯಲ್ಲಿ ಒತ್ತುವ ಪದ್ಧತಿ ಅಲ್ಲಿ ನೆಲೆಯೂರಿತು. ಒಳಮೈ ಹೊರಮೈ ಎರಡನ್ನೂ ಲೋಹವೇ ನಿರ್ಧರಿಸಿದ್ದರಿಂದ ದಪ್ಪ ಹಿಡಿತಕ್ಕೆ ಬಂತು.

ನಾರು ಮಾತ್ರ ಅಷ್ಟು ಸುಲಭವಾಗಿ ಹಿಡಿತಕ್ಕೆ ಸಿಗಲಿಲ್ಲ. ಭಾಗದ ಆಕಾರದಲ್ಲೇ ಮಾಡಿದ ತೂತುಗಳ ಲೋಹದ ಜಾಲರಿಗೆ ಹಿಂದಿನಿಂದ ಗಾಳಿ ಎಳೆಯುತ್ತಾ, ಮುಂದಿನಿಂದ ಕತ್ತರಿಸಿದ ಗಾಜಿನ ನಾರನ್ನು ಊದುತ್ತಿದ್ದರು. ಸ್ವಲ್ಪ ಅಂಟು ಸಿಂಪಡಿಸಿ ಒಲೆಯಲ್ಲಿ ಒಣಗಿಸಿದರೆ ನಾರಿನದೇ ಒಂದು ಬಾನೆಟ್ ಸಿದ್ಧ. ಅದನ್ನು ಅಚ್ಚಿನಲ್ಲಿಟ್ಟು ರೆಸಿನ್ ಸುರಿದು ಒತ್ತಬೇಕು. ಎಳೆಯುವ ಗಾಳಿ ಒಂದು ಮೂಲೆಯಲ್ಲಿ ಕುಂದಿದರೆ ಅಲ್ಲಿ ನಾರು ವಿರಳ. ಅಚ್ಚು ಮುಚ್ಚುವಾಗ ರೆಸಿನ್ ರಭಸವಾಗಿ ನುಗ್ಗಿದರೆ ನಾರನ್ನೂ ಕೊಚ್ಚಿಕೊಂಡು ಹೋಗುತ್ತದೆ.

ಇದಕ್ಕೆಲ್ಲ ಅನುಭವಸ್ಥರ ಕೈ ಪರಿಹಾರ ಕೊಡಬಲ್ಲದು. ಎಂಥ ಅನುಭವಕ್ಕೂ ಬಗ್ಗದ ತೊಡಕು ಇನ್ನೊಂದಿತ್ತು. ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಅದರ ಗಾತ್ರ ಶೇ. 7ರಷ್ಟು ಕುಗ್ಗುತ್ತದೆ, ಗಾಜು ಕುಗ್ಗುವುದಿಲ್ಲ. ಎಳೆಗಳ ಮೇಲೆ ಉಬ್ಬು, ನಡುವೆ ತಗ್ಗು. ಅಚ್ಚು ಕನ್ನಡಿಯಂತೆ ಹೊಳೆಯುತ್ತಿದ್ದರೂ ಅದರಿಂದ ಹೊರಬಂದ ಬಾನೆಟ್ಟಿನಲ್ಲಿ ಅಲೆ ಕಾಣುತ್ತಿತ್ತು. ಬಲ ಕೊಡಲೆಂದು ಹಿಂಬದಿಗೆ ಏಣು ಇಟ್ಟರೆ ಅದರ ನೇರಕ್ಕೆ ಮುಂಬದಿಯಲ್ಲೊಂದು ಕುಳಿ. ಹೊಳಪಿನ ಬಣ್ಣ ಬಿದ್ದರೆ ಕೂದಲೆಳೆಯಷ್ಟು ತಗ್ಗೂ ಬಯಲಾಗುತ್ತದೆ. ಹಾಗಾಗಿ ಉಜ್ಜುವವರ ಕೈಗೆ ಬಿಡುವಿರಲಿಲ್ಲ.

ಈ ತೊಡಕನ್ನು ಬಿಡಿಸಿದ್ದು ರಸಾಯನಶಾಸ್ತ್ರ. 1960ರ ದಶಕದಲ್ಲಿ ರೆಸಿನ್ನಿಗೆ ಇನ್ನೊಂದು ಬಗೆಯ, ಬಿಸಿಗೆ ಮೆದುವಾಗುವ ಪ್ಲಾಸ್ಟಿಕ್ಕನ್ನು ಕರಗಿಸಿ ಸೇರಿಸುವ ಉಪಾಯ ಸಿಕ್ಕಿತು. ಅಚ್ಚಿನ ಬಿಸಿಯಲ್ಲಿ ರೆಸಿನ್ ಗಟ್ಟಿಯಾಗುತ್ತಾ ಹೋದಂತೆ ಈ ಪ್ಲಾಸ್ಟಿಕ್ ಅದರಿಂದ ಬೇರ್ಪಟ್ಟು ಕಣ್ಣಿಗೆ ಕಾಣದ ಹನಿಗಳಾಗುತ್ತದೆ. ಹನಿಗಳು ಹಿಗ್ಗುತ್ತವೆ, ಅವುಗಳ ಒಳಗೂ ಸುತ್ತಲೂ ಸೂಕ್ಷ್ಮ ಟೊಳ್ಳುಗಳು ಹುಟ್ಟುತ್ತವೆ. ಹೊರಗೆ ಆಗಬೇಕಿದ್ದ ಕುಗ್ಗುವಿಕೆಯನ್ನು ಹೀಗೆ ಒಳಗೇ ಲಕ್ಷಾಂತರ ಟೊಳ್ಳುಗಳಿಗೆ ಹಂಚಿದ ಹಾಗಾಯಿತು. ಮೇಲ್ಮೈ ಅಚ್ಚಿಗೆ ಅಂಟಿಕೊಂಡೇ ಗಟ್ಟಿಯಾಯಿತು. ಈ ಇಡೀ ಕಸುಬಿನ ಚರಿತ್ರೆಯಲ್ಲಿ ಇದಕ್ಕಿಂತ ಜಾಣ ಹೆಜ್ಜೆ ಇನ್ನೊಂದಿಲ್ಲ.

ಅದೇ ಹೊತ್ತಿಗೆ ನಾರನ್ನೂ ರೆಸಿನ್ನನ್ನೂ ಮೊದಲೇ ಬೆರೆಸಿ ಹಾಳೆಯಾಗಿ ಸುತ್ತಿಡುವ ಪದ್ಧತಿ ಬಂತು. ಅದೇ ಎಸ್‌ಎಂಸಿ (ಶೀಟ್ ಮೋಲ್ಡಿಂಗ್ ಕಾಂಪೌಂಡ್). ಕಾರ್ವೆಟ್ 1970ರ ದಶಕದ ಆರಂಭದಲ್ಲಿ ಇದಕ್ಕೆ ಬದಲಾಯಿತು. ಮೆಗ್ನೀಷಿಯಮ್ ಆಕ್ಸೈಡ್ ಸೇರಿಸಿದ ರೆಸಿನ್ ಕೆಲವು ದಿನ ಮಾಗಿ, ಹದ ಮಾಡಿದ ತೊಗಲಿನಂತೆ ಆಗುವವರೆಗೆ ಕಾಯಬೇಕು. ಆಮೇಲೆ ತೂಕ ನೋಡಿ ಕತ್ತರಿಸಿ, ಸುಮಾರು 150 ಡಿಗ್ರಿ ಸೆಲ್ಸಿಯಸ್ ಬಿಸಿಯ ಅಚ್ಚಿನಲ್ಲಿ ಒತ್ತಿದರೆ ಕೆಲವೇ ನಿಮಿಷಗಳಲ್ಲಿ ಭಾಗ ಸಿದ್ಧ. ಹದ ಸರಿಯಾಗಿದ್ದರೆ ರೆಸಿನ್ ಹರಿಯುವಾಗ ನಾರನ್ನು ಜೊತೆಗೇ ಒಯ್ಯುತ್ತದೆ. ನೀರಾಗಿದ್ದರೆ ನಾರನ್ನು ಹಿಂದೆಯೇ ಬಿಟ್ಟು ಓಡುತ್ತದೆ. ಹಾಳೆಯನ್ನು ಅಚ್ಚಿನ ಯಾವ ಜಾಗದಲ್ಲಿ ಇಡಬೇಕೆಂಬುದೂ ಲೆಕ್ಕಾಚಾರದ ವಿಷಯ. ಎರಡು ಕಡೆಯಿಂದ ಹರಿದು ಬಂದ ರೆಸಿನ್ ಸೇರುವ ಗೆರೆಯಲ್ಲಿ ನಾರುಗಳು ಹೆಣೆದುಕೊಳ್ಳದೆ ಭಾಗ ದುರ್ಬಲವಾಗುತ್ತದೆ.

1984ರ ಮಾದರಿಯ ಕಾರ್ವೆಟ್ ಈ ಕಲಿಕೆಯ ಮೇಲೆ ನಿಂತಿತು. ಅದರ ಬಾನೆಟ್ ಮಡ್ಗಾರ್ಡಿನ ಮೇಲ್ಭಾಗವನ್ನೂ ಸೇರಿಸಿಕೊಂಡು ಇಡಿಯಾಗಿ ಮೇಲೇಳುತ್ತಿತ್ತು. ಹಳೆಯ ಕಾರುಗಳಲ್ಲಿ ಅಂಟಿಸಿದ ಜೋಡಣೆಯ ಗೆರೆಗಳು ವರ್ಷ ಕಳೆದಂತೆ ಬಣ್ಣದ ಮೇಲೆ ಮೂಡಿ ಕಾಣುತ್ತಿದ್ದವು. ಇಲ್ಲಿ ಮೈಯ ಸುತ್ತ ಹಾಯುವ ಕಪ್ಪು ಪಟ್ಟಿಯಡಿ ಆ ಸಂದನ್ನು ಅಡಗಿಸಿದರು.

2004ರಲ್ಲಿ ಕಾರ್ವೆಟ್ ಜ಼ಡ್06ರ ವಿಶೇಷ ಆವೃತ್ತಿಗೆ ಕಾರ್ಬನ್ ನಾರಿನ ಬಾನೆಟ್ ಬಂತು, ಮೊದಲಿನದಕ್ಕಿಂತ ಸುಮಾರು 5 ಕೆ.ಜಿ. ಹಗುರ. ಗಾಜು ಹೋಗಿ ಕಾರ್ಬನ್ ಬಂದರೂ, ಪಾಲಿಯೆಸ್ಟರ್ ಜಾಗಕ್ಕೆ ಎಪಾಕ್ಸಿ ಬಂದರೂ ಹಳೆಯ ತಂಟೆ ಹಾಗೇ ಇತ್ತು: ನೇಯ್ದ ಬಟ್ಟೆ ಬಳಸಿದರೆ ಬಿಸಿಲಿಗೆ ಅದರ ಹೆಣಿಗೆ ಬಣ್ಣದಡಿಯಿಂದ ಮೂಡುತ್ತದೆ. ತಯಾರಕರು ನೇಯ್ಗೆಯನ್ನೇ ಕೈಬಿಟ್ಟು, ಒಂದೇ ದಿಕ್ಕಿಗೆ ಮಲಗಿದ ಎಳೆಗಳ ಪಟ್ಟಿಗಳನ್ನು ಪದರಪದರವಾಗಿ ಹಾಸಿದರು.