ಮರದ ತೂಕ ಎಲ್ಲಿಂದ ಬಂತು?

ನಿಮ್ಮ ಶಾಲೆಯ ಅಂಗಳದಲ್ಲಿ ಒಂದು ಹೊಂಗೆ ಮರವಿದೆ ಎಂದುಕೊಳ್ಳಿ. ಅದು ಹುಟ್ಟಿದ್ದು ಒಂದೆರಡು ಗ್ರಾಂ ತೂಗುವ ಬೀಜದಿಂದ. ಇಂದು ಅದನ್ನು ಕಡಿದು ತೂಗಿದರೆ ನೂರಾರು ಕಿಲೋಗ್ರಾಂ ಆದೀತು. ಇಷ್ಟೊಂದು ದ್ರವ್ಯ ಎಲ್ಲಿಂದ ಬಂತು? ತರಗತಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ. 'ಮಣ್ಣಿನಿಂದ' ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿಗಳೂ ಹೀಗೆ ಉತ್ತರಿಸುವುದನ್ನು ನಾನು ಕಂಡಿದ್ದೇನೆ. ಸಮೀಕರಣ ಬಾಯಿಗೆ ಬಂದಿದೆ, ಮರಕ್ಕೂ ಅದಕ್ಕೂ ಇರುವ ಸಂಬಂಧ ಮನಸ್ಸಿಗೆ ಬಂದಿಲ್ಲ!

ಇದರಲ್ಲಿ ವಿದ್ಯಾರ್ಥಿಗಳ ತಪ್ಪು ಕಡಿಮೆ. ಈ ಪ್ರಶ್ನೆಗೆ ಪೂರ್ಣ ಉತ್ತರ ಕಂಡುಕೊಳ್ಳಲು ವಿಜ್ಞಾನಕ್ಕೆ ಸುಮಾರು ಮುನ್ನೂರು ವರ್ಷ ಹಿಡಿಯಿತು. ಆ ಕಥೆಯನ್ನು ಸ್ವಲ್ಪ ನೋಡೋಣ.

ಸಸ್ಯಗಳು ಬೇರಿನ ಮೂಲಕ ಮಣ್ಣನ್ನೇ ಆಹಾರವಾಗಿ ಹೀರುತ್ತವೆ ಎಂಬುದು ಗ್ರೀಕರ ಕಾಲದಿಂದ ಬಂದ ನಂಬಿಕೆ. ಅದನ್ನು ತಕ್ಕಡಿಗೆ ಹಾಕಿ ನೋಡಿದವನು ಬ್ರಸೆಲ್ಸ್‌ನ ವೈದ್ಯ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್. ಆತ ಒಣಗಿಸಿದ 200 ಪೌಂಡ್ (ಸುಮಾರು 91 ಕಿಲೋಗ್ರಾಂ) ಮಣ್ಣನ್ನು ಕುಂಡಕ್ಕೆ ತುಂಬಿ, 5 ಪೌಂಡ್ ತೂಕದ ವಿಲೋ ಸಸಿಯನ್ನು ನೆಟ್ಟ. ದೂಳು ಬೀಳದಂತೆ ತೂತುಗಳಿದ್ದ ತಗಡನ್ನು ಮುಚ್ಚಿದ. ಮಳೆನೀರನ್ನೋ ಬಟ್ಟಿ ಇಳಿಸಿದ ನೀರನ್ನೋ ಮಾತ್ರ ಎರೆದ. 5 ವರ್ಷಗಳ ನಂತರ ಮರದ ತೂಕ 169 ಪೌಂಡಿಗಿಂತ ತುಸು ಹೆಚ್ಚಾಗಿತ್ತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದಾಗ ಕಡಿಮೆಯಾಗಿದ್ದುದು ಕೇವಲ 2 ಔನ್ಸ್, ಅಂದರೆ 57 ಗ್ರಾಂ! ಮಣ್ಣಿನ ವಾದ ಅಲ್ಲಿಗೆ ಬಿದ್ದುಹೋಯಿತು. ತಾನು ಹಾಕಿದ್ದು ನೀರು ಮಾತ್ರ, ಆದ್ದರಿಂದ ಮರವೆಲ್ಲ ನೀರಿನಿಂದಲೇ ಆದದ್ದು ಎಂದು ಹೆಲ್ಮಾಂಟ್ ತೀರ್ಮಾನಿಸಿದ. ಅವನ ಮರಣಾನಂತರ, 1648ರಲ್ಲಿ, ಇದು ಪ್ರಕಟವಾಯಿತು.

ಇಲ್ಲಿ ಒಂದು ವಿಪರ್ಯಾಸವಿದೆ. 'ಗ್ಯಾಸ್' ಎಂಬ ಪದವನ್ನು ಸೃಷ್ಟಿಸಿದವನು ಇದೇ ಹೆಲ್ಮಾಂಟ್. 62 ಪೌಂಡ್ ಇದ್ದಿಲು ಉರಿದರೆ 1 ಪೌಂಡ್ ಬೂದಿ ಉಳಿದು, ಮಿಕ್ಕಿದ್ದೆಲ್ಲ ಅನಿಲವಾಗಿ ಹೋಗುತ್ತದೆಂದು ಆತ ಬರೆದಿದ್ದ. ಮರ ಉರಿದು ಅನಿಲವಾಗುವುದನ್ನು ಕಂಡವನಿಗೆ, ಅನಿಲದಿಂದ ಮರವಾಗಬಹುದು ಎಂಬುದು ಮಾತ್ರ ಹೊಳೆಯಲಿಲ್ಲ. ಅವನು ತೂಗದೆ ಬಿಟ್ಟದ್ದು ಗಾಳಿಯನ್ನು. ಸಸ್ಯದ ಪೋಷಣೆಯಲ್ಲಿ ಗಾಳಿಗೂ ಪಾಲಿರಬೇಕು ಎಂಬ ಸೂಚನೆ ಬಂದದ್ದು 1727ರಲ್ಲಿ, ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್‌ನಿಂದ.

1771ರ ಆಗಸ್ಟ್ 17ರಂದು ಜೋಸೆಫ್ ಪ್ರೀಸ್ಟ್ಲಿ, ಮೇಣದಬತ್ತಿ ಉರಿದು ಆರಿಹೋಗಿದ್ದ ಗಾಳಿಯಲ್ಲಿ ಒಂದು ಪುದೀನ ಕುಡಿಯನ್ನು ಇರಿಸಿದ. 10 ದಿನಗಳ ನಂತರ ಅದೇ ಗಾಳಿಯಲ್ಲಿ ಮತ್ತೊಂದು ಮೇಣದಬತ್ತಿ ಚೆನ್ನಾಗಿ ಉರಿಯಿತು. ಕೆಟ್ಟ ಗಾಳಿಯನ್ನು ಸಸ್ಯ ಸರಿಪಡಿಸಿತ್ತು! ಆದರೆ ಇದೇ ಪ್ರಯೋಗವನ್ನು ಇತರರು ಮಾಡಿದಾಗ ಒಮ್ಮೆ ಫಲಿಸಿತು, ಇನ್ನೊಮ್ಮೆ ಫಲಿಸಲಿಲ್ಲ. ಮುಂದೆ ಸ್ವತಃ ಪ್ರೀಸ್ಟ್ಲಿಗೂ ಹಾಗೆಯೇ ಆಯಿತು. ಯಾವುದೋ ಒಂದು ಅಂಶ ಎಲ್ಲರ ಕಣ್ತಪ್ಪಿಸಿತ್ತು.

ಆ ಅಂಶ ಬೆಳಕು. ಅದನ್ನು ಪತ್ತೆ ಮಾಡಿದವನು ಡಚ್ ವೈದ್ಯ ಯಾನ್ ಇಂಗೆನ್‌ಹೌಸ್. 1779ರ ಬೇಸಿಗೆಯಲ್ಲಿ ಲಂಡನ್ನಿನ ಸಮೀಪದ ಮನೆಯೊಂದರಲ್ಲಿ ಆತ 500ಕ್ಕೂ ಹೆಚ್ಚು ಪ್ರಯೋಗಗಳನ್ನು ಮಾಡಿದ. ನೀರಿನಲ್ಲಿ ಮುಳುಗಿಸಿದ ಎಲೆಗಳಿಂದ ಬಿಸಿಲಿನಲ್ಲಿ ಗುಳ್ಳೆಗಳೇಳುತ್ತವೆ, ಕತ್ತಲಲ್ಲಿ ನಿಲ್ಲುತ್ತವೆ. ಸಸ್ಯದ ಹಸಿರು ಭಾಗಗಳಿಗೆ ಮಾತ್ರ ಈ ಸಾಮರ್ಥ್ಯವುಂಟು. ಇದಕ್ಕೆ ಕಾರಣ ಸೂರ್ಯನ ಶಾಖವಲ್ಲ, ಬೆಳಕು. ಇವು ಅವನ ತೀರ್ಮಾನಗಳು. 1782ರಲ್ಲಿ ಜಿನೀವಾದ ಸೆನೆಬಿಯೆ, ಇಂಗಾಲದ ಡೈಆಕ್ಸೈಡ್ ಇಲ್ಲದಿದ್ದರೆ ಈ ಕ್ರಿಯೆ ನಡೆಯದು ಎಂದು ತೋರಿಸಿದ. 1804ರಲ್ಲಿ ಅದೇ ಊರಿನ ನಿಕೊಲಾ ತಿಯೊಡೋರ್ ದ ಸಾಸ್ಯೂರ್ ಮತ್ತೆ ತಕ್ಕಡಿ ಹಿಡಿದ. ಸಸ್ಯ ಹೀರಿದ ಇಂಗಾಲದ ತೂಕಕ್ಕಿಂತ ಅದರ ತೂಕದಲ್ಲಾದ ಏರಿಕೆ ಹೆಚ್ಚಾಗಿತ್ತು. ಹಾಗಾದರೆ ನೀರೂ ಸಸ್ಯದೇಹದ ಭಾಗವಾಗುತ್ತದೆ! ಹೆಲ್ಮಾಂಟನ ಮಾತು ಪೂರ್ತಿ ಸುಳ್ಳಾಗಿರಲಿಲ್ಲ.

ದ್ರವ್ಯದ ಲೆಕ್ಕ ಹೀಗೆ ಕೂಡಿಬರುತ್ತಿದ್ದಾಗ ಶಕ್ತಿಯ ಲೆಕ್ಕ ಕೇಳಿದವನು ಜರ್ಮನಿಯ ವೈದ್ಯ ರಾಬರ್ಟ್ ಮೇಯರ್. ಭೌತವಿಜ್ಞಾನದ ನಮಗೆ ಶಕ್ತಿ ಸಂರಕ್ಷಣಾ ನಿಯಮದಿಂದಾಗಿ ಆತ ಪರಿಚಿತ. 1842ರಲ್ಲಿ ಆ ನಿಯಮವನ್ನು ಮಂಡಿಸಿದ ಮೇಯರ್, 1845ರಲ್ಲಿ ಅದನ್ನು ಜೀವಿಗಳಿಗೂ ಅನ್ವಯಿಸಿದ. ಸಸ್ಯ ಬೆಳಕಿನ ಶಕ್ತಿಯನ್ನು ಹಿಡಿದು ರಾಸಾಯನಿಕ ಶಕ್ತಿಯಾಗಿ ಕೂಡಿಡುತ್ತದೆ ಎಂದ. 180 ಗ್ರಾಂ ಗ್ಲೂಕೋಸ್ ಉರಿದರೆ ಸುಮಾರು 2,800 ಕಿಲೋಜೂಲ್ ಶಕ್ತಿ ಹೊರಬರುತ್ತದೆ. ಅಷ್ಟನ್ನೂ ಎಲೆ ಸೂರ್ಯನಿಂದ ಪಡೆದಿರಲೇಬೇಕು.

ಈಗ ನನ್ನ ಒಂದು ತಪ್ಪನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ಪ್ರೌಢಶಾಲಾ ಶಿಕ್ಷಕರ ಶಿಬಿರವೊಂದರಲ್ಲಿ ಶಕ್ತಿಯ ಬಗ್ಗೆ ಮಾತನಾಡುತ್ತ ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ಬರೆದೆ. 6 ಅಣು ಇಂಗಾಲದ ಡೈಆಕ್ಸೈಡ್ ಮತ್ತು 6 ಅಣು ನೀರು ಸೇರಿ 1 ಅಣು ಗ್ಲೂಕೋಸ್ ಮತ್ತು 6 ಅಣು ಆಮ್ಲಜನಕ. "ಎಲೆಯು ಇಂಗಾಲದ ಡೈಆಕ್ಸೈಡನ್ನು ಒಡೆದು, ಇಂಗಾಲವನ್ನು ಇಟ್ಟುಕೊಂಡು ಆಮ್ಲಜನಕವನ್ನು ಹೊರಬಿಡುತ್ತದೆ" ಎಂದು ವಿವರಿಸಿದೆ. ಜೀವಶಾಸ್ತ್ರದ ಶಿಕ್ಷಕಿಯೊಬ್ಬರು ಎದ್ದು ನಿಂತರು. "ಸರ್, ಆಮ್ಲಜನಕ ಬರುವುದು ನೀರಿನಿಂದ ಅಲ್ಲವೇ? ಆದರೆ ಈ ಸಮೀಕರಣದಲ್ಲಿ ನೀರಿನ ಆಮ್ಲಜನಕ ಸಾಲುವುದಿಲ್ಲವಲ್ಲ?" ನಾನು ನಿರುತ್ತರನಾದೆ. ಹೊರಬರುವ 6 ಆಮ್ಲಜನಕದ ಅಣುಗಳಲ್ಲಿ 12 ಪರಮಾಣುಗಳಿವೆ. 6 ಅಣು ನೀರಿನಲ್ಲಿರುವುದು 6 ಮಾತ್ರ. ಈ ಸರಳ ಕೂಡುಕಳೆಯನ್ನು ನಾನು ಎಂದೂ ಮಾಡಿ ನೋಡಿರಲಿಲ್ಲ.

ನನ್ನ ತಪ್ಪಿಗೆ ದೊಡ್ಡವರ ಜೊತೆಯಿತ್ತು ಎಂಬುದು ಆಮೇಲೆ ತಿಳಿಯಿತು. 20ನೆಯ ಶತಮಾನದ ಮೊದಲ ದಶಕಗಳವರೆಗೂ ಹೆಚ್ಚಿನ ವಿಜ್ಞಾನಿಗಳು ಹಾಗೆಯೇ ಭಾವಿಸಿದ್ದರು. ಕ್ಯಾಲಿಫೋರ್ನಿಯದಲ್ಲಿದ್ದ ವಾನ್ ನೀಲ್ ಕೆಲವು ಗಂಧಕ ಬ್ಯಾಕ್ಟೀರಿಯಗಳನ್ನು ಅಧ್ಯಯನ ಮಾಡುತ್ತಿದ್ದ. ಅವು ನೀರಿನ ಬದಲು ಹೈಡ್ರೊಜನ್ ಸಲ್ಫೈಡನ್ನು ಬಳಸಿ, ಆಮ್ಲಜನಕದ ಬದಲು ಗಂಧಕವನ್ನು ಉಳಿಸುತ್ತವೆ. ಅಲ್ಲಿ ಒಡೆಯುವುದು ಹೈಡ್ರೊಜನ್ ಸಲ್ಫೈಡ್ ಆದರೆ, ಹಸಿರು ಸಸ್ಯದಲ್ಲಿ ಒಡೆಯುವುದು ನೀರೇ ಇರಬೇಕು ಎಂದು 1931ರಲ್ಲಿ ಆತ ತರ್ಕಿಸಿದ. 1937ರಲ್ಲಿ ಕೇಂಬ್ರಿಜ್‌ನ ರಾಬಿನ್ ಹಿಲ್, ಎಲೆಯಿಂದ ಬೇರ್ಪಡಿಸಿದ ಹರಿದ್ರೇಣುಗಳು ಕಬ್ಬಿಣದ ಲವಣವೊಂದರ ನೆರವಿನಿಂದ, ಇಂಗಾಲದ ಡೈಆಕ್ಸೈಡ್ ಇಲ್ಲದೆಯೇ ಆಮ್ಲಜನಕ ಬಿಡುವುದನ್ನು ಕಂಡ. ನೇರ ಸಾಕ್ಷ್ಯ ಒದಗಿದ್ದು 1941ರಲ್ಲಿ. ಬರ್ಕ್ಲಿಯಲ್ಲಿ ಸ್ಯಾಮ್ ರೂಬೆನ್, ಮಾರ್ಟಿನ್ ಕಾಮೆನ್ ಮತ್ತು ಸಂಗಡಿಗರು ಆಮ್ಲಜನಕದ ಭಾರ ಸಮಸ್ಥಾನಿ ಆಕ್ಸಿಜನ್-18 ಹೆಚ್ಚಾಗಿದ್ದ ನೀರನ್ನು ಪಾಚಿಗೆ ಕೊಟ್ಟರು. ಹೊರಬಂದ ಅನಿಲವನ್ನು ರಾಶಿ ರೋಹಿತಮಾಪಕದಲ್ಲಿ ಪರೀಕ್ಷಿಸಿದಾಗ, ಅದರ ಸಮಸ್ಥಾನಿಗಳ ಪ್ರಮಾಣ ನೀರಿನಲ್ಲಿದ್ದ ಪ್ರಮಾಣಕ್ಕೆ ಹೊಂದುತ್ತಿತ್ತು. ರಾಶಿ ರೋಹಿತಮಾಪಕವೆಂದರೆ ಪರಮಾಣುಗಳ ತಕ್ಕಡಿ ತಾನೆ? ಹೆಲ್ಮಾಂಟ್ ತಕ್ಕಡಿಯಿಂದ ಆರಂಭಿಸಿದ ವಿಚಾರಣೆಯ ಈ ಭಾಗ ತಕ್ಕಡಿಯಿಂದಲೇ ಇತ್ಯರ್ಥವಾಯಿತು. ರೂಬೆನ್ ಮುಂದೆ 1943ರಲ್ಲಿ, ತನ್ನ 29ನೆಯ ವಯಸ್ಸಿನಲ್ಲಿ, ವಿಷಾನಿಲದ ಅಪಘಾತದಲ್ಲಿ ತೀರಿಕೊಂಡ.

ಆದ್ದರಿಂದ ಸಮೀಕರಣದ ಎಡಗಡೆ 12 ಅಣು ನೀರನ್ನು ಬರೆದು, ಬಲಗಡೆ ಹೊಸದಾಗಿ ಉಂಟಾಗುವ 6 ಅಣು ನೀರನ್ನು ತೋರಿಸುವುದು ಹೆಚ್ಚು ಸರಿ. ಆ 12 ಅಣುಗಳಿಂದ 12 ಪರಮಾಣು ಆಮ್ಲಜನಕ ಹೊರಬರುತ್ತದೆ. ಲೆಕ್ಕ ಸರಿಹೋಯಿತಲ್ಲವೇ?

ಈಗ ಮೊದಲ ಪ್ರಶ್ನೆಗೆ ಮರಳೋಣ. 180 ಗ್ರಾಂ ಗ್ಲೂಕೋಸಿನಲ್ಲಿ 72 ಗ್ರಾಂ ಇಂಗಾಲ, 96 ಗ್ರಾಂ ಆಮ್ಲಜನಕ, 12 ಗ್ರಾಂ ಜಲಜನಕವಿದೆ. ಇಂಗಾಲವೂ ಆಮ್ಲಜನಕವೂ ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಬಂದವು, ಜಲಜನಕ ನೀರಿನಿಂದ. ಅಂದರೆ ಎಲೆ ತಯಾರಿಸುವ ಸಕ್ಕರೆಯ ತೂಕದಲ್ಲಿ ನೂರಕ್ಕೆ 93 ಪಾಲು ಗಾಳಿಯದು! ಹಸಿ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುವುದರಿಂದ ಹೆಲ್ಮಾಂಟನಿಗೂ ಅರ್ಧ ಅಂಕ ಕೊಡಬಹುದು. ಮಣ್ಣಿನಿಂದ ಬಂದದ್ದು ನೈಟ್ರೊಜನ್, ರಂಜಕ, ಪೊಟ್ಯಾಸಿಯಂ ಮುಂತಾದವು. ತೂಕದಲ್ಲಿ ಅವು ಅಲ್ಪ, ಆದರೆ ಅವಿಲ್ಲದೆ ಸಸ್ಯ ಬದುಕದು.

ಶಿಕ್ಷಕ ಮಿತ್ರರೇ, ಈ ಪಾಠವನ್ನು ಸಮೀಕರಣದಿಂದ ಆರಂಭಿಸಬೇಡಿ. ಒಣಗಿದ ಒಂದು ಕಿಲೋಗ್ರಾಂ ಸೌದೆಯನ್ನು ಮಕ್ಕಳೆದುರು ತೂಗಿ. ನಿಮ್ಮ ಮೇಲ್ವಿಚಾರಣೆಯಲ್ಲಿ ಬಯಲಲ್ಲಿ ಪೂರ್ತಿ ಸುಟ್ಟು, ತಣಿದ ಬೂದಿಯನ್ನೂ ತೂಗಿ. ಸಿಗುವುದು ಒಂದು ಹಿಡಿ ಬೂದಿ. ನೈಟ್ರೊಜನ್ನಿನಂಥ ಕೆಲವನ್ನು ಬಿಟ್ಟರೆ ಮಣ್ಣಿನಿಂದ ಬಂದ ಪಾಲು ಅಷ್ಟೇ. "ಉಳಿದದ್ದು ಎಲ್ಲಿಗೆ ಹೋಯಿತು?" ಎಂದು ಮೊದಲು ಕೇಳಿ. ಅವರು "ಗಾಳಿಗೆ" ಎಂದಾಗ, "ಹಾಗಾದರೆ ಎಲ್ಲಿಂದ ಬಂದಿತ್ತು?" ಎಂದು ಕೇಳಿ. ಆಮೇಲೆ ಸಮೀಕರಣ ಬರೆಯಿರಿ. ಬರೆದ ಮೇಲೆ ಪರಮಾಣುಗಳನ್ನು ಅವರಿಂದಲೇ ಎಣಿಸಿ. ಶಿಬಿರದ ಆ ಶಿಕ್ಷಕಿ ನನ್ನಿಂದ ಮಾಡಿಸಿದ್ದು ಇದನ್ನೇ.