ತಲೆಯುಡುಗೆಯ ಮರ್ಯಾದೆ: ಸಾರ್ವಜನಿಕ ನಡವಳಿಕೆಯ ಪರಿವರ್ತನೆಯ ಒಂದು ಅವಲೋಕನ

ಕನ್ನಡದಲ್ಲಿ ‘ಪೇಟ ತೊಡಿಸುವುದು’ ಎಂದರೆ ಗೌರವಿಸುವುದು. ‘ಟೋಪಿ ಹಾಕುವುದು’ ಎಂದರೆ ವಂಚಿಸುವುದು. ಒಂದೇ ತಲೆಯ ಮೇಲೆ ಕೂರುವ ಎರಡು ವಸ್ತುಗಳು ಭಾಷೆಯಲ್ಲಿ ಹೀಗೆ ಎರಡು ವಿರುದ್ಧ ಅರ್ಥಗಳನ್ನು ಪಡೆದಿವೆ. ಮುಂಡಾಸು, ರುಮಾಲು, ಪೇಟ, ಪಟಕ, ಟೊಪ್ಪಿಗೆ ಮೊದಲಾದ ಪದಗಳ ಸಮೃದ್ಧಿಯೇ ಕನ್ನಡ ನಾಡಿನಲ್ಲಿ ತಲೆಯುಡುಗೆಗೆ ಇದ್ದ ಸಾಮಾಜಿಕ ಮಹತ್ವವನ್ನು ಸೂಚಿಸುತ್ತದೆ. ಬಿಸಿಲು ಮಳೆಗಳಿಂದ ತಲೆಯನ್ನು ಕಾಯುವುದು ಅದರ ಮೊದಲ ಉಪಯೋಗವೆಂಬುದು ನಿಜ. ಆದರೆ ಇತಿಹಾಸದಲ್ಲಿ ಅದು ಹೆಚ್ಚಾಗಿ ಕಾಣಿಸಿಕೊಂಡಿರುವುದು ಯಾರು ಯಾರ ಮುಂದೆ ತಲೆ ಮುಚ್ಚಬೇಕು, ಯಾರು ಯಾರ ಮುಂದೆ ತಲೆ ಬಿಚ್ಚಬೇಕು ಎಂಬ ಪ್ರಶ್ನೆಯ ರೂಪದಲ್ಲಿ. ಗೌರವವು ಮುಚ್ಚಿದ ತಲೆಯಲ್ಲಿದೆಯೋ ಬರಿದಲೆಯಲ್ಲಿದೆಯೋ ಎಂಬುದಕ್ಕಿಂತ, ಅದನ್ನು ನಿರ್ಧರಿಸುವ ಅಧಿಕಾರ ಯಾರದು ಎಂಬುದೇ ಇಲ್ಲಿನ ಮೂಲ ಸಂಗತಿ. ಈ ದೃಷ್ಟಿಯಿಂದ ವಿಜಯನಗರ ಕಾಲದಿಂದ ಇತ್ತೀಚಿನವರೆಗಿನ ಕೆಲವು ಘಟ್ಟಗಳನ್ನು ಪರಿಶೀಲಿಸಬಹುದು.

ಮುಚ್ಚಿದ ತಲೆ, ಬರಿಗಾಲು

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಉಡುಗೆಯನ್ನು ವರ್ಣಿಸುವಾಗ ಎರಡು ಸಂಗತಿಗಳನ್ನು ಒಟ್ಟಿಗೆ ದಾಖಲಿಸಿದ್ದಾನೆ. ಅರಸನ ತಲೆಯ ಮೇಲೆ ಜರತಾರಿಯ ಟೊಪ್ಪಿಗೆಯಿತ್ತು, ಕಾಲು ಬರಿದಾಗಿತ್ತು. ಅರಸನಿರುವೆಡೆಗೆ ಯಾರೂ ಪಾದರಕ್ಷೆ ಧರಿಸಿ ಪ್ರವೇಶಿಸುವುದಿಲ್ಲವೆಂದೂ ಅವನು ಹೇಳಿದ್ದಾನೆ. ಈ ಎತ್ತರದ ಟೊಪ್ಪಿಗೆಗೆ ಆ ಕಾಲದಲ್ಲಿ ‘ಕುಲ್ಲಾಯಿ’ ಎಂಬ ಹೆಸರಿತ್ತು. ಪಾರಸಿಯ ‘ಕುಲಾಹ್’ ಎಂಬುದೇ ಇದರ ಮೂಲ. ತಿರುಮಲೆಯ ದೇವಾಲಯದಲ್ಲಿರುವ ಕೃಷ್ಣದೇವರಾಯನ ಲೋಹಪ್ರತಿಮೆಯಲ್ಲಿಯೂ ಲೇಪಾಕ್ಷಿಯ ಭಿತ್ತಿಚಿತ್ರಗಳಲ್ಲಿಯೂ ಇದೇ ಬಗೆಯ ಟೊಪ್ಪಿಗೆಯನ್ನು ಇಂದಿಗೂ ಕಾಣಬಹುದು.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದು, ಆಸ್ಥಾನದ ಮರ್ಯಾದೆಯು ತಲೆಯನ್ನು ಮುಚ್ಚಿ ಕಾಲನ್ನು ಬರಿದಾಗಿಸುವುದರಲ್ಲಿತ್ತು ಎಂಬುದು. ಎರಡನೆಯದು, ಆ ಮರ್ಯಾದೆಯ ಉಡುಗೆಯೇ ಹೊರಗಿನಿಂದ ಬಂದದ್ದು ಎಂಬುದು. ಇಸ್ಲಾಮೀ ಆಸ್ಥಾನಗಳ ಟೊಪ್ಪಿಗೆ ಹಾಗೂ ನಿಲುವಂಗಿಗಳನ್ನು ವಿಜಯನಗರದ ಅರಸರು ತಮ್ಮದಾಗಿಸಿಕೊಂಡಿದ್ದರು. ದೇವಾಲಯದಲ್ಲಿ ಕೈಮುಗಿದು ನಿಂತ ಪ್ರತಿಮೆಯ ತಲೆಯ ಮೇಲೂ ಅದು ಇರುವುದನ್ನು ನೋಡಿದರೆ, ಪರಂಪರೆಯೆಂದು ನಂತರದವರು ಭಾವಿಸುವ ಅನೇಕ ಆಚಾರಗಳು ಒಂದು ಕಾಲದ ಸ್ವೀಕಾರಗಳೇ ಆಗಿದ್ದವು ಎಂಬುದು ಸ್ಪಷ್ಟವಾಗುತ್ತದೆ.

ಎರಡು ಮರ್ಯಾದೆಗಳ ಮುಖಾಮುಖಿ

ಯುರೋಪಿಯನ್ನರ ಪದ್ಧತಿ ಇದಕ್ಕೆ ತೀರ ವಿರುದ್ಧವಾಗಿತ್ತು. ಅವರಲ್ಲಿ ಪುರುಷನು ಹಿರಿಯರ ಮುಂದೆ, ನ್ಯಾಯಾಲಯದಲ್ಲಿ, ಚರ್ಚಿನಲ್ಲಿ ಹ್ಯಾಟನ್ನು ತೆಗೆಯಬೇಕಿತ್ತು. ಬೂಟನ್ನು ತೆಗೆಯುವ ಪ್ರಶ್ನೆಯೇ ಇರಲಿಲ್ಲ. ಭಾರತೀಯನಿಗೆ ಸಭೆಯಲ್ಲಿ ಬರಿದಲೆಯಲ್ಲಿ ನಿಲ್ಲುವುದು ಅವಮಾನ, ಕೆಲವೆಡೆ ಸೂತಕದ ಚಿಹ್ನೆ. ಒಬ್ಬನ ವಿನಯ ಇನ್ನೊಬ್ಬನ ಕಣ್ಣಿಗೆ ಅವಿನಯವಾಗಿ ಕಾಣುವ ಈ ಸ್ಥಿತಿಯಲ್ಲಿ ಹಿಂದುಸ್ತಾನಿಯು ಯುರೋಪಿಯನ್ನನನ್ನು ‘ಟೋಪಿವಾಲಾ’ ಎಂದೇ ಗುರುತಿಸಿತು.

ಈ ಭಿನ್ನತೆ ರಕ್ತಪಾತಕ್ಕೆ ಕಾರಣವಾದುದು 1806ರಲ್ಲಿ. ಮದರಾಸು ಸೈನ್ಯದ ಸೇನಾಪತಿ ಸರ್ ಜಾನ್ ಕ್ರ್ಯಾಡಕ್‌ನ ಕಾಲದಲ್ಲಿ ಸಿಪಾಯಿಗಳು ಹೊಸ ಮಾದರಿಯ ಪೇಟವನ್ನು ಧರಿಸಬೇಕೆಂಬ ಆಜ್ಞೆ ಹೊರಟಿತು. ಅದು ಯುರೋಪಿಯನ್ ಹ್ಯಾಟನ್ನು ಹೋಲುತ್ತಿತ್ತು. ಅದರಲ್ಲಿ ಚರ್ಮದ ಪದಕವೂ ಇತ್ತು. ಕವಾಯತಿನ ಸಮಯದಲ್ಲಿ ಜಾತಿಚಿಹ್ನೆಗಳನ್ನೂ ಕಿವಿಯೋಲೆಗಳನ್ನೂ ಧರಿಸಕೂಡದೆಂಬ ನಿಯಮ ಜೊತೆಗೂಡಿತು. ತಮ್ಮನ್ನು ಮತಾಂತರಗೊಳಿಸುವ ಹುನ್ನಾರವಿದೆಂದು ಸಿಪಾಯಿಗಳು ಶಂಕಿಸಿದರು. ಹೊಸ ಪೇಟವನ್ನು ನಿರಾಕರಿಸಿದವರಿಗೆ ಛಡಿಯೇಟಿನ ಶಿಕ್ಷೆಯಾಯಿತು. ಜುಲೈ 10ರ ಮುಂಜಾನೆಗೆ ಮುನ್ನ ವೆಲ್ಲೂರು ಕೋಟೆಯಲ್ಲಿ ದಂಗೆ ಎದ್ದಿತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಟಿಪ್ಪುಸುಲ್ತಾನನ ಮಕ್ಕಳನ್ನು ಇರಿಸಿದ್ದುದು ಅದೇ ಕೋಟೆಯಲ್ಲಿ. ದಂಗೆಕೋರರು ಹಾರಿಸಿದ್ದು ಮೈಸೂರಿನ ಬಾವುಟವನ್ನು. ದಂಗೆಯನ್ನು ಅದೇ ದಿನ ನಿರ್ದಯವಾಗಿ ಅಡಗಿಸಲಾಯಿತು. ಆದರೆ ಪೇಟದ ಆಜ್ಞೆ ರದ್ದಾಯಿತು. ಕ್ರ್ಯಾಡಕ್ ಮತ್ತು ಗವರ್ನರ್ ವಿಲಿಯಂ ಬೆಂಟಿಂಕ್ ಇಬ್ಬರನ್ನೂ 1807ರಲ್ಲಿ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಟಿಪ್ಪುವಿನ ಕುಟುಂಬವನ್ನು ಕಲ್ಕತ್ತೆಗೆ ಸಾಗಿಸಲಾಯಿತು. ದಂಗೆಗೆ ಪೇಟವೊಂದೇ ಕಾರಣವೆಂದು ಹೇಳಲಾಗದು. ಆದರೂ ಇತರ ಅಸಮಾಧಾನಗಳೆಲ್ಲ ಬಂದು ನಿಂತ ಕೇಂದ್ರ ಅದೇ ಆಗಿತ್ತು.

ಮುಂದಿನ ದಶಕಗಳಲ್ಲಿ ಕಂಪನಿ ಸರ್ಕಾರ ಹೆಚ್ಚು ಎಚ್ಚರಿಕೆ ವಹಿಸಿತು. ದೇಶೀಯರು ಅಧಿಕಾರಿಗಳ ಮುಂದೆ ತಮ್ಮ ಪದ್ಧತಿಯಂತೆ ತಲೆಯುಡುಗೆಯೊಡನೆ, ಬರಿಗಾಲಿನಲ್ಲಿ ಬರಬೇಕೆಂದು ಅದು ನಿರೀಕ್ಷಿಸಿತು. ಮೇಲ್ನೋಟಕ್ಕೆ ಇದು ಸ್ಥಳೀಯ ಆಚಾರಕ್ಕೆ ತೋರಿದ ಮನ್ನಣೆ. ಆದರೆ ಇಂಗ್ಲಿಷ್ ಅಧಿಕಾರಿ ದೇಶೀಯರ ಸಭೆಗಳಿಗೆ ಬೂಟು ಧರಿಸಿಯೇ ಬರುತ್ತಿದ್ದುದರಿಂದ ಈ ಮನ್ನಣೆ ಏಕಮುಖವಾಗಿತ್ತು. ಇಂಗ್ಲಿಷ್ ಕಲಿತ ಬಂಗಾಳದ ಹೊಸ ವರ್ಗ ಇದನ್ನು ಪ್ರಶ್ನಿಸತೊಡಗಿದಾಗ, ಯುರೋಪಿಯನ್ ಮಾದರಿಯ ಬೂಟು ಕಾಲುಚೀಲ ಧರಿಸಿದವರು ಸರ್ಕಾರಿ ಸಮಾರಂಭಗಳಲ್ಲಿ ಅವನ್ನು ತೆಗೆಯಬೇಕಿಲ್ಲವೆಂದು 1854ರಲ್ಲಿ ಗವರ್ನರ್ ಜನರಲ್‌ರ ಆಡಳಿತ ನಿರ್ಣಯಿಸಿತು. ದೇಶೀಯ ಜೋಡು ಧರಿಸಿದವನಿಗೆ ಆ ರಿಯಾಯಿತಿ ಇರಲಿಲ್ಲ. ಹೀಗೆ ತಲೆಗೆ ಪೇಟ, ಕಾಲಿಗೆ ಬೂಟು ಎಂಬ ಮಿಶ್ರ ವೇಷ ಹತ್ತೊಂಬತ್ತನೆಯ ಶತಮಾನದ ವಿದ್ಯಾವಂತ ಭಾರತೀಯನ ಗುರುತಾಯಿತು.

ಸಾಮ್ರಾಜ್ಯದ ಇತರ ಭಾಗಗಳಲ್ಲಿ ನಿಯಮ ಬೇರೆಯಿತ್ತು. 1893ರಲ್ಲಿ ದಕ್ಷಿಣ ಆಫ್ರಿಕದ ಡರ್ಬಾನ್ ನ್ಯಾಯಾಲಯದಲ್ಲಿ ಮ್ಯಾಜಿಸ್ಟ್ರೇಟ್ ಪೇಟ ತೆಗೆಯಲು ಹೇಳಿದಾಗ ಮೋಹನದಾಸ ಗಾಂಧಿ ನಿರಾಕರಿಸಿ ಹೊರನಡೆದರು. ಮುಸಲ್ಮಾನ ಉಡುಪಿನವರು ಪೇಟ ಇರಿಸಿಕೊಳ್ಳಬಹುದು, ಇತರ ಭಾರತೀಯರು ತೆಗೆಯಬೇಕು ಎಂಬ ಅಲ್ಲಿನ ರೂಢಿಯನ್ನು ಅವರು ಆತ್ಮಕಥೆಯಲ್ಲಿ ವಿವರಿಸಿದ್ದಾರೆ. ಪೇಟದ ಬದಲು ಇಂಗ್ಲಿಷ್ ಹ್ಯಾಟು ಧರಿಸುವ ಯೋಚನೆಯೂ ಅವರಿಗೆ ಬಂದಿತ್ತು. ಹ್ಯಾಟು ಧರಿಸಿದರೆ ಹೋಟೆಲಿನ ಪರಿಚಾರಕನೆಂದು ಜನ ತಿಳಿಯುವರೆಂದು ಅಬ್ದುಲ್ಲಾ ಸೇಠ್ ಎಚ್ಚರಿಸಿದರು. ಮರುವರ್ಷ ನೇಟಾಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ವಕೀಲರಾಗಿ ಪ್ರಮಾಣವಚನ ಸ್ವೀಕರಿಸಿದಾಗ ಮುಖ್ಯ ನ್ಯಾಯಾಧೀಶರ ಸೂಚನೆಯಂತೆ ಗಾಂಧಿ ಪೇಟವನ್ನು ತೆಗೆದರು. ಇನ್ನೂ ದೊಡ್ಡ ಹೋರಾಟಗಳಿಗೆ ಶಕ್ತಿಯನ್ನು ಕಾದಿರಿಸಬೇಕೆಂಬುದು ಅವರ ಸಮರ್ಥನೆಯಾಗಿತ್ತು.

ಮೈಸೂರಿನ ಪೇಟ

ಮೈಸೂರು ಸಂಸ್ಥಾನದಲ್ಲಿ ಪೇಟವು ಅರಸೊತ್ತಿಗೆಯ ಲಾಂಛನದಂತೆಯೇ ಆಡಳಿತದ ಸಮವಸ್ತ್ರವೂ ಆಗಿ ಬೆಳೆಯಿತು. ಬಿಳಿಯ ರೇಷ್ಮೆ, ಜರಿಯ ಅಂಚು, ಅಚ್ಚುಕಟ್ಟಾದ ಮಡಿಕೆಗಳು ದರ್ಬಾರಿನಿಂದ ಕಚೇರಿಗೆ, ಕಚೇರಿಯಿಂದ ಕಾಲೇಜಿಗೆ ಹರಡಿದವು. ದಿವಾನರಿಂದ ಗುಮಾಸ್ತರವರೆಗೆ, ಪ್ರಾಧ್ಯಾಪಕರಿಂದ ಶಾಲೆಯ ಮೇಷ್ಟರವರೆಗೆ ಮುಚ್ಚುಕೋಟು ಮತ್ತು ಪೇಟ ಅಥವಾ ರುಮಾಲು ಉದ್ಯೋಗದ ಮರ್ಯಾದೆಯೆನಿಸಿದ್ದವು. ಸರ್ ಎಂ. ವಿಶ್ವೇಶ್ವರಯ್ಯನವರನ್ನು ಪೇಟವಿಲ್ಲದೆ ಕಲ್ಪಿಸಿಕೊಳ್ಳುವುದೂ ಕನ್ನಡಿಗರಿಗೆ ಕಷ್ಟ. ಮಿರ್ಜಾ ಇಸ್ಮಾಯಿಲ್ ಅವರ ಚಿತ್ರಗಳಲ್ಲಿರುವುದೂ ಅದೇ ಮೈಸೂರು ಪೇಟ. ಮತಭೇದವಿಲ್ಲದೆ ಧರಿಸಲಾಗುತ್ತಿದ್ದ ಈ ತಲೆಯುಡುಗೆ ಸಂಸ್ಥಾನದ ನಾಗರಿಕತ್ವದ ಗುರುತಾಗಿತ್ತು ಎನ್ನಬಹುದು.

ಆದರೆ ದರ್ಬಾರಿನ ಮರ್ಯಾದೆ ಎಲ್ಲರಿಗೂ ಸಮಾನವಾಗಿರಲಿಲ್ಲ. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರ್ ಆಗಿ ಮೈಸೂರಿಗೆ ಬಂದ ಹೊಸದರಲ್ಲಿ ನಡೆದ ದಸರಾ ದರ್ಬಾರಿನ ಪ್ರಸಂಗ ಅವರ ಜೀವನಚರಿತ್ರೆಗಳಲ್ಲಿ ಪ್ರಸಿದ್ಧವಾಗಿದೆ. ಯುರೋಪಿಯನ್ ಅತಿಥಿಗಳಿಗೆ ಕುರ್ಚಿಗಳಿದ್ದವು. ಪೇಟ ಧರಿಸಿದ ಮೈಸೂರಿನ ಅಧಿಕಾರಿಗಳು ನೆಲದ ಮೇಲೆ ಕೂರಬೇಕಿತ್ತು. ಮರುವರ್ಷ ಅವರು ದರ್ಬಾರಿಗೆ ಹೋಗಲಿಲ್ಲ. ಕಾರಣ ತಿಳಿದ ಅರಮನೆ ಆಸನಗಳ ವ್ಯವಸ್ಥೆಯನ್ನು ಬದಲಾಯಿಸಿತು. ಇಲ್ಲಿ ಅವರು ಆಕ್ಷೇಪಿಸಿದ್ದು ಉಡುಗೆಯನ್ನಲ್ಲ. ಒಂದೇ ಸಭೆಯಲ್ಲಿ ಎರಡು ಮರ್ಯಾದೆಗಳಿರುವುದನ್ನು.

ಊರಿನ ಕಟ್ಟಳೆ

ದರ್ಬಾರಿನ ಈ ತಾರತಮ್ಯ ಒಂದು ದಸರೆಯಿಂದ ಇನ್ನೊಂದು ದಸರೆಗೆ ಸರಿಹೋಯಿತು. ಊರಿನ ಕಟ್ಟಳೆಗೆ ಅಷ್ಟು ಸುಲಭದ ಪರಿಹಾರವಿರಲಿಲ್ಲ. ಅರಮನೆಯಲ್ಲಿ ತಲೆ ಮುಚ್ಚುವುದು ಗೌರವವಾದರೆ, ಊರಿನಲ್ಲಿ ತಲೆ ಮುಚ್ಚುವುದು ಕೆಲವರ ಹಕ್ಕು ಮಾತ್ರವಾಗಿತ್ತು. ಗೌಡರ ಮನೆಯ ಮುಂದೆ ಹಾದುಹೋಗುವಾಗ ಅಸ್ಪೃಶ್ಯರೆನಿಸಿದ್ದವರು ತಲೆಗೆ ಸುತ್ತಿದ ವಸ್ತ್ರವನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳಬೇಕು, ಕೆರಗಳನ್ನು ಕೈಯಲ್ಲಿ ಹಿಡಿಯಬೇಕು ಎಂಬ ಕಟ್ಟಳೆಗಳು ಅನೇಕ ಕಡೆ ಜಾರಿಯಲ್ಲಿದ್ದವು. ದರ್ಬಾರಿನಲ್ಲಿ ಪೇಟವಿಲ್ಲದೆ ಹೋಗುವುದು ಅಪರಾಧವಾದರೆ ಇಲ್ಲಿ ರುಮಾಲು ಇರುವುದೇ ಅಪರಾಧ.

ಇದು ಕೇವಲ ಒಂದು ಪ್ರಾಂತದ ಕಥೆಯಲ್ಲ. 1936ರಲ್ಲಿ ಪ್ರಕಟವಾದ ‘ಜಾತಿ ವಿನಾಶ’ದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು ಇಂದೂರು ಜಿಲ್ಲೆಯ ಬಲಾಯಿ ಸಮುದಾಯದ ಮೇಲೆ 1928ರಲ್ಲಿ ಸವರ್ಣೀಯರು ಹೇರಿದ ನಿಯಮಗಳನ್ನು ಪಟ್ಟಿಮಾಡಿದ್ದಾರೆ. ಜರಿಯಂಚಿನ ಪಗಡಿಯನ್ನು ಬಲಾಯಿಗಳು ಧರಿಸಬಾರದೆಂಬುದು ಅವುಗಳಲ್ಲಿ ಒಂದು. ಒಪ್ಪದವರಿಗೆ ಬಾವಿಯ ನೀರು ನಿರಾಕರಿಸಲಾಯಿತು. ಅನೇಕರು ಊರು ಬಿಡಬೇಕಾಯಿತು. ಒಂದು ಅಂಗುಲ ಜರಿಗೆ ಇಷ್ಟು ಬೆಲೆಯಿತ್ತು. ಶಿಷ್ಟಾಚಾರದ ಇತಿಹಾಸವನ್ನು ಆಸ್ಥಾನಗಳಿಂದ ಮಾತ್ರ ಬರೆದರೆ ಈ ಮುಖ ಮರೆಯಾಗುತ್ತದೆ.

ಹೆಂಗಸರ ವಿಷಯದಲ್ಲಿಯೂ ಏಕರೂಪತೆಯಿರಲಿಲ್ಲ. ಉತ್ತರ ಕರ್ನಾಟಕದಲ್ಲಿ ಹಿರಿಯರ ಮುಂದೆ ತಲೆಯ ಮೇಲೆ ಸೆರಗು ಹೊದೆಯುವುದು ಸಭ್ಯತೆ. ಹಳೆಯ ಮೈಸೂರಿನ ಹಲವು ಮನೆತನಗಳಲ್ಲಿ ಮುತ್ತೈದೆ ತಲೆಯ ಮೇಲೆ ಸೆರಗು ಹೊದೆಯುವುದು ಅಶುಭ. ಅದು ತಲೆ ಬೋಳಿಸಿದ ವಿಧವೆಯ ಗುರುತು. ತುಂಗಭದ್ರೆಯ ಎರಡು ಕಡೆಗಳಲ್ಲಿ ಒಂದೇ ಸೆರಗು ಎರಡು ಅರ್ಥಗಳನ್ನು ಪಡೆದಿತ್ತು.

ಖಾದಿಯ ಟೋಪಿ

1920ರ ಸುಮಾರಿಗೆ ಅಸಹಕಾರ ಚಳವಳಿಯೊಡನೆ ಬಂದ ಬಿಳಿಯ ಖಾದಿ ಟೋಪಿ ಈ ಎಲ್ಲ ಭೇದಗಳಿಗೆ ಹೊಸ ಸವಾಲಾಯಿತು. ಪೇಟದ ಸುತ್ತು, ಬಣ್ಣ, ಜರಿಗಳು ಜಾತಿ, ಪ್ರಾಂತ, ಅಂತಸ್ತುಗಳನ್ನು ಹೇಳುತ್ತಿದ್ದವು. ಟೋಪಿಯಾದರೋ ಯಾವುದನ್ನೂ ಹೇಳುತ್ತಿರಲಿಲ್ಲ. ಹಲವು ಮೊಳ ಬಟ್ಟೆಯ ಜಾಗದಲ್ಲಿ ಒಂದು ತುಂಡು ಸಾಕಾಗುತ್ತಿತ್ತು. ಮನೆಯಲ್ಲಿಯೇ ಒಗೆದು ಮಡಿಸಬಹುದಾಗಿತ್ತು. ಬಡವನಿಗೂ ವಕೀಲನಿಗೂ ಒಂದೇ ಟೋಪಿ. ಸರ್ಕಾರ ಇದರ ಅರ್ಥವನ್ನು ಬೇಗನೆ ಗ್ರಹಿಸಿತು. ಕಚೇರಿ ಮತ್ತು ನ್ಯಾಯಾಲಯಗಳಲ್ಲಿ ಗಾಂಧಿ ಟೋಪಿಗೆ ಹಲವೆಡೆ ಅಡ್ಡಿಯೊಡ್ಡಲಾಯಿತು. ಒಂದು ಕಾಲಕ್ಕೆ ದೇಶೀಯರ ತಲೆ ಮುಚ್ಚಿರಬೇಕೆಂದು ಬಯಸಿದ್ದ ಆಡಳಿತವೇ ಈಗ ಒಂದು ಬಗೆಯ ಮುಚ್ಚಿಗೆಯನ್ನು ಅವಿಧೇಯತೆಯೆಂದು ಕಂಡಿತು.

ವಿಶೇಷವೆಂದರೆ ಟೋಪಿಗೆ ಹೆಸರು ಕೊಟ್ಟ ಗಾಂಧೀಜಿಯವರು ಅದನ್ನು ಧರಿಸಿದ್ದು ಕೆಲವೇ ವರ್ಷ. 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಅವರು ಟೋಪಿಯನ್ನೂ ಅಂಗಿಯನ್ನೂ ತ್ಯಜಿಸಿ ತುಂಡು ಧೋತ್ರಕ್ಕೆ ಬಂದರು. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದಾಗ ನೆರೆದಿದ್ದ ಟೋಪಿಗಳ ನಡುವೆ ಅಧ್ಯಕ್ಷರದೇ ಬರಿದಲೆ.

ಆಜ್ಞೆಯಿಲ್ಲದ ಬದಲಾವಣೆ

ಸ್ವಾತಂತ್ರ್ಯಾನಂತರದ ಒಂದೆರಡು ತಲೆಮಾರುಗಳಲ್ಲಿ ನಗರಗಳ ತಲೆಗಳು ಬರಿದಾದವು. ಎಸ್. ನಿಜಲಿಂಗಪ್ಪನವರ ಗಾಂಧಿ ಟೋಪಿಯನ್ನೂ 1972ರಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸರ ಬರಿದಲೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಬದಲಾವಣೆಯ ವೇಗ ತಿಳಿಯುತ್ತದೆ. ಇದಕ್ಕೆ ಕಾರಣಗಳು ಹಲವು. ಜುಟ್ಟಿನ ಜಾಗದಲ್ಲಿ ಕ್ರಾಪು ಬಂದ ಮೇಲೆ ತಲೆಗೂದಲೇ ಪ್ರದರ್ಶನಯೋಗ್ಯವಾಯಿತು. ಅದನ್ನು ಮುಚ್ಚುವ ಅಗತ್ಯ ಕಡಿಮೆಯಾಯಿತು. ಪೇಟದ ಅವಶ್ಯಕತೆಯನ್ನು ಸೃಷ್ಟಿಸಿದ್ದ ದರ್ಬಾರು ಮತ್ತು ಸಂಸ್ಥಾನದ ಕಚೇರಿಗಳು ಮರೆಯಾದವು. ಬಸ್ಸು, ಫ್ಯಾನಿನಡಿಯ ಕಚೇರಿ, ಸಿನಿಮಾ ಮಂದಿರಗಳು ದಿನಚರಿಯನ್ನು ಬದಲಿಸಿದವು. ಇದೇ ಕಾಲದಲ್ಲಿ ಯುರೋಪು ಅಮೆರಿಕಗಳಲ್ಲಿಯೂ ಹ್ಯಾಟು ಬೀದಿಯಿಂದ ಹಿಂದೆ ಸರಿಯಿತು. ವೆಲ್ಲೂರಿನಲ್ಲಿ ಛಡಿಯೇಟಿನಿಂದಲೂ ಬದಲಾಗದ ಪದ್ಧತಿ ಯಾವ ಆಜ್ಞೆಯೂ ಇಲ್ಲದೆ ಬದಲಾದುದು ಗಮನಾರ್ಹ.

ಆದರೂ ಹಳೆಯ ಅರ್ಥಗಳು ಪೂರ್ತಿಯಾಗಿ ಅಳಿದಿಲ್ಲ. ಕರಾವಳಿಯ ಹಲವು ದೇವಾಲಯಗಳಲ್ಲಿ ಪುರುಷರು ಅಂಗಿ, ತಲೆಯುಡುಗೆಗಳನ್ನು ತೆಗೆದು ಒಳಹೋಗುತ್ತಾರೆ. ಬೀದರಿನ ನಾನಕ್ ಝೀರಾದಲ್ಲಿ ತಲೆಗೆ ವಸ್ತ್ರ ಕಟ್ಟಿಕೊಳ್ಳದೆ ಪ್ರವೇಶವಿಲ್ಲ. ಕಲಬುರಗಿಯ ಬಂದೇನವಾಜ್ ದರ್ಗಾದಲ್ಲಿ ತಲೆ ಮುಚ್ಚಿಕೊಳ್ಳುತ್ತಾರೆ. ಚರ್ಚಿನಲ್ಲಿ ಗಂಡಸರು ಹ್ಯಾಟು ತೆಗೆಯುತ್ತಾರೆ. ಈ ನಾಲ್ಕೂ ಬಾಗಿಲುಗಳನ್ನು ಭಕ್ತಿಯಿಂದ ಹಾಯ್ದುಬರುವ ಸಾಮಾನ್ಯ ಕನ್ನಡಿಗನಿಗೆ ಇದರಲ್ಲಿ ಯಾವ ವಿರೋಧವೂ ಕಾಣುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆ ಹೆಲ್ಮೆಟ್ಟನ್ನು ಕಡ್ಡಾಯಗೊಳಿಸುವಾಗ ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ನೀಡಿತು. ತರಗತಿಯಲ್ಲಿ ವಿದ್ಯಾರ್ಥಿನಿಯರು ಹಿಜಾಬ್ ಧರಿಸುವ ಪ್ರಶ್ನೆಯಲ್ಲಿ ಕರ್ನಾಟಕ ಹೈಕೋರ್ಟ್ 2022ರ ಮಾರ್ಚ್ 15ರಂದು ಸರ್ಕಾರದ ಸಮವಸ್ತ್ರ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ತೀರ್ಪು ನೀಡಿದರು. ತಲೆಯ ಮೇಲಿನ ಬಟ್ಟೆಯ ಬಗ್ಗೆ ನಿರ್ಧರಿಸಬೇಕಾದವರು ಯಾರೆಂಬ ಪ್ರಶ್ನೆ ಹಳೆಯದಾದರೂ ಹಿಂದೆ ಸರಿದಿಲ್ಲವೆಂಬುದಕ್ಕೆ ಇದು ನಿದರ್ಶನ.

ಇಂದು ಮೈಸೂರು ಪೇಟ ಸನ್ಮಾನ ಸಮಾರಂಭಗಳಲ್ಲಿ ಉಳಿದಿದೆ. ಹಾರ, ಶಾಲು, ಫಲತಾಂಬೂಲಗಳೊಡನೆ ತೊಡಿಸುವ ಪೇಟವನ್ನು ಸನ್ಮಾನಿತರು ಛಾಯಾಚಿತ್ರ ತೆಗೆಯುವವರೆಗೆ ಧರಿಸಿ ಅನಂತರ ಮಡಿಲಲ್ಲಿ ಇರಿಸಿಕೊಳ್ಳುತ್ತಾರೆ. ಕುಶಲಿಗಳು ಮೊದಲೇ ಸುತ್ತಿ ಹೊಲಿದಿಟ್ಟ ಪೇಟವಾದುದರಿಂದ ಅದನ್ನು ಕಟ್ಟಿಕೊಳ್ಳುವ ವಿದ್ಯೆಯ ಅಗತ್ಯವೂ ಇಲ್ಲ. ಪೇಟ ಅಲಂಕಾರವಾಗಿ ಉಳಿಯಿತು, ಮರ್ಯಾದೆಯ ಪದ್ಧತಿ ಮರೆಯಾಯಿತು ಎಂದು ವಿಷಾದಿಸುವವರಿದ್ದಾರೆ. ಆದರೆ ಅದೇ ವೇದಿಕೆಯ ಮೇಲೆ, ಹಿಂದೊಮ್ಮೆ ರುಮಾಲು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳಬೇಕಾಗಿದ್ದವರ ಮೊಮ್ಮಕ್ಕಳ ತಲೆಗೂ ಜರಿಪೇಟ ಏರುತ್ತಿದೆ ಎಂಬುದನ್ನು ಜೊತೆಗೇ ನೆನೆಯಬೇಕು. ಕಳೆದುಹೋದ ಆಚಾರದ ಲೆಕ್ಕ ಬರೆಯುವಾಗ ಈ ಗಳಿಕೆಯನ್ನು ಬಿಟ್ಟರೆ ಆ ಲೆಕ್ಕ ಅಪೂರ್ಣವಾಗುತ್ತದೆ.