ಉನ್ನತ ದರ್ಜೆಯ ಕ್ಯಾಮೆರಾ ಡ್ರೋನ್ ಖರೀದಿ: ವೆಚ್ಚ ಮತ್ತು ಪ್ರಯೋಜನಗಳ ವಿವೇಚನೆ

ಪೀಠಿಕೆ

ಮದುವೆ, ರಥೋತ್ಸವ, ನಿವೇಶನ ಹಾಗೂ ಕಟ್ಟಡ ಕಾಮಗಾರಿಗಳ ಚಿತ್ರೀಕರಣಕ್ಕೆ ಡ್ರೋನ್ ಕ್ಯಾಮೆರಾಗಳನ್ನು ಬಳಸುವುದು ತಾಲ್ಲೂಕು ಮಟ್ಟದಲ್ಲಿಯೂ ರೂಢಿಗೆ ಬಂದಿದೆ. ಛಾಯಾಗ್ರಹಣ ವೃತ್ತಿಯನ್ನು ಅವಲಂಬಿಸಿರುವ ಸ್ವಯಂ ಉದ್ಯೋಗಿಗಳು ಸಾಲ ಪಡೆದು ಲಕ್ಷಾಂತರ ರೂಪಾಯಿ ಬೆಲೆಯ ಡ್ರೋನ್ ಖರೀದಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ. ಡ್ರೋನಿನ ಬೆಲೆಯು ಒಟ್ಟು ವೆಚ್ಚದ ಒಂದು ಭಾಗ ಮಾತ್ರ. ಅದನ್ನು ಕಾನೂನುಬದ್ಧವಾಗಿ ಹಾರಿಸಲು ಸಾಧ್ಯವೇ ಮತ್ತು ವರ್ಷದಲ್ಲಿ ಎಷ್ಟು ದಿನ ಅದಕ್ಕೆ ಕೆಲಸ ದೊರೆಯುವುದು ಎಂಬ ಎರಡು ಪ್ರಶ್ನೆಗಳೇ ನಿರ್ಣಾಯಕವಾದವು.

1. ಹೆಚ್ಚಿನ ಬೆಲೆಗೆ ದೊರೆಯುವುದೇನು?

ಉನ್ನತ ದರ್ಜೆಯ ಡ್ರೋನಿನ ಮುಖ್ಯ ಅನುಕೂಲವೆಂದರೆ ಅದರ ಕ್ಯಾಮೆರಾದಲ್ಲಿರುವ ದೊಡ್ಡ ಸೆನ್ಸರ್. ಸಾಮಾನ್ಯ ಡ್ರೋನ್‌ಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ 1/2.3 ಇಂಚು ವರ್ಗದ ಸೆನ್ಸರಿನ ವಿಸ್ತೀರ್ಣ ಸುಮಾರು 28 ಚದರ ಮಿ.ಮೀ. ಆಗಿದ್ದರೆ, 1 ಇಂಚು ವರ್ಗದ್ದು ಸುಮಾರು 116 ಚದರ ಮಿ.ಮೀ. ಹಾಗೂ 4/3 ವರ್ಗದ್ದು ಸುಮಾರು 225 ಚದರ ಮಿ.ಮೀ. ಆಗಿರುತ್ತದೆ. ವಿಸ್ತೀರ್ಣ ಹೆಚ್ಚಿದಷ್ಟೂ ಸಂಗ್ರಹವಾಗುವ ಬೆಳಕು ಹೆಚ್ಚುವುದರಿಂದ ಮುಂಜಾನೆ, ಮುಸ್ಸಂಜೆ ಮತ್ತು ದೀಪಾಲಂಕಾರದ ಚಿತ್ರಗಳಲ್ಲಿ ವ್ಯತ್ಯಾಸವು ಸ್ಪಷ್ಟವಾಗಿ ಕಾಣುತ್ತದೆ. ನಡುಹಗಲಿನ ಬಿಸಿಲಿನಲ್ಲಿ ತೆಗೆದು ಮೊಬೈಲ್ ಪರದೆಯಲ್ಲಿ ನೋಡುವ ದೃಶ್ಯಗಳಲ್ಲಿ ಈ ವ್ಯತ್ಯಾಸವನ್ನು ಗುರುತಿಸುವುದು ಕಷ್ಟ.

ಹೋಲಿಕೆಗಾಗಿ ಒಂದೇ ಸಂಸ್ಥೆಯ ಎರಡು ಮಾದರಿಗಳನ್ನು ಗಮನಿಸಬಹುದು. 2021ರಲ್ಲಿ ಬಿಡುಗಡೆಯಾದ ಡಿಜೆಐ ಮ್ಯಾವಿಕ್ 3 ಮಾದರಿಯು 4/3 ವರ್ಗದ ಸೆನ್ಸರ್ ಹೊಂದಿದ್ದು, 895 ಗ್ರಾಂ ತೂಗುತ್ತದೆ. ಬಿಡುಗಡೆಯ ವೇಳೆ ಅಮೆರಿಕದಲ್ಲಿ ಅದರ ಬೆಲೆ 2,199 ಡಾಲರ್ ಇತ್ತು. 2023ರ ಮಿನಿ 4 ಪ್ರೊ ಮಾದರಿಯು 1/1.3 ಇಂಚು ವರ್ಗದ ಸೆನ್ಸರ್ ಹೊಂದಿದ್ದು, 249 ಗ್ರಾಂಗಿಂತ ಕಡಿಮೆ ತೂಗುತ್ತದೆ. ಅದರ ಬೆಲೆ 759 ಡಾಲರ್ ಇತ್ತು. ಬೆಲೆಯಲ್ಲಿ ಸುಮಾರು ಮೂರು ಪಟ್ಟು ಅಂತರವಿದ್ದರೂ 4ಕೆ ಚಿತ್ರೀಕರಣವು ಎರಡರಲ್ಲಿಯೂ ಸಾಧ್ಯ. (ಈ ಹೆಸರುಗಳನ್ನು ತಾಂತ್ರಿಕ ಹೋಲಿಕೆಗಾಗಿ ಮಾತ್ರ ನೀಡಲಾಗಿದ್ದು, ಇದು ಖರೀದಿಗೆ ಶಿಫಾರಸು ಅಲ್ಲ.)

2. ತೂಕದಿಂದ ಬದಲಾಗುವ ನಿಯಮಗಳು

ಭಾರತದಲ್ಲಿ ಡ್ರೋನ್ ನಿಯಮಗಳು, 2021 ಜಾರಿಯಲ್ಲಿವೆ. ಇವುಗಳ ಪ್ರಕಾರ 250 ಗ್ರಾಂವರೆಗಿನ ಡ್ರೋನ್‌ಗಳು ‘ನ್ಯಾನೋ’ ವರ್ಗಕ್ಕೂ, ಅದಕ್ಕಿಂತ ಹೆಚ್ಚು ತೂಕದ, 2 ಕಿ.ಗ್ರಾಂ.ವರೆಗಿನವು ‘ಮೈಕ್ರೋ’ ವರ್ಗಕ್ಕೂ ಸೇರುತ್ತವೆ. ಉನ್ನತ ದರ್ಜೆಯ ಬಹುತೇಕ ಕ್ಯಾಮೆರಾ ಡ್ರೋನ್‌ಗಳು ಮೈಕ್ರೋ ವರ್ಗದಲ್ಲಿ ಬರುತ್ತವೆ.

ಅ) ಡ್ರೋನನ್ನು ನೋಂದಾಯಿಸಿ ವಿಶಿಷ್ಟ ಗುರುತಿನ ಸಂಖ್ಯೆಯನ್ನು ಪಡೆಯತಕ್ಕದ್ದು.
ಆ) ಮೈಕ್ರೋ ವರ್ಗದ ಡ್ರೋನಿನ ಮಾದರಿಯು ಮಾದರಿ ಪ್ರಮಾಣಪತ್ರ ಹೊಂದಿರತಕ್ಕದ್ದು. ನ್ಯಾನೋ ವರ್ಗಕ್ಕೆ ಇದರಿಂದ ವಿನಾಯಿತಿ ಇದೆ.
ಇ) ಮೈಕ್ರೋ ಡ್ರೋನನ್ನು ಸಂಪಾದನೆಗಾಗಿ ಹಾರಿಸುವವರು ರಿಮೋಟ್ ಪೈಲಟ್ ಪ್ರಮಾಣಪತ್ರ ಪಡೆದಿರತಕ್ಕದ್ದು. ಇದಕ್ಕೆ 18ರಿಂದ 65 ವರ್ಷ ವಯೋಮಿತಿ, 10ನೇ ತರಗತಿಯ ತೇರ್ಗಡೆ ಹಾಗೂ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಅವಶ್ಯಕ. ನ್ಯಾನೋ ವರ್ಗಕ್ಕೆ ಈ ಪ್ರಮಾಣಪತ್ರ ಬೇಕಾಗಿಲ್ಲ.
ಈ) ಮೈಕ್ರೋ ವರ್ಗಕ್ಕೆ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ.

ಈ ನಿಯಮಗಳ ಉಲ್ಲಂಘನೆಗೆ 1 ಲಕ್ಷ ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ.

3. ಆಮದು ನಿಷೇಧ

ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯವು 2022ರ ಫೆಬ್ರವರಿ 9ರ ಅಧಿಸೂಚನೆಯ ಮೂಲಕ ಸಿದ್ಧ ಡ್ರೋನ್‌ಗಳ ಆಮದನ್ನು ನಿಷೇಧಿಸಿತು. ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಗಳಿಗೆ ಮಾತ್ರ ವಿನಾಯಿತಿ ನೀಡಲಾಯಿತು. ಆದುದರಿಂದ ವಿದೇಶದಿಂದ ಬರುವ ಪರಿಚಿತರ ಮೂಲಕ ತರಿಸಿದ ಅಥವಾ ರಸೀದಿಯಿಲ್ಲದೆ ಮಾರುವ ಡ್ರೋನ್ ಕಡಿಮೆ ಬೆಲೆಗೆ ದೊರೆತರೂ ಅದನ್ನು ಲಾಭದಾಯಕವೆಂದು ಭಾವಿಸತಕ್ಕದ್ದಲ್ಲ. ಅಂತಹ ಡ್ರೋನ್ ಮುಟ್ಟುಗೋಲಾಗಬಹುದು. ಗುರುತಿನ ಸಂಖ್ಯೆಯಿಲ್ಲದೆ ಹಾರಿಸಿದಾಗ ಅಪಘಾತ ಸಂಭವಿಸಿದಲ್ಲಿ ಪರಿಹಾರದ ಹೊರೆ ಮಾಲೀಕರ ಮೇಲೆಯೇ ಬೀಳಬಹುದು, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಮುಂಗಡ ಪಾವತಿಸುವ ಮೊದಲೇ ಮಾದರಿ ಪ್ರಮಾಣಪತ್ರದ ಸಂಖ್ಯೆ ಮತ್ತು ತೆರಿಗೆ ನಮೂದಿಸಿದ ರಸೀದಿಯ ಬಗ್ಗೆ ಮಾರಾಟಗಾರರಲ್ಲಿ ವಿಚಾರಿಸುವುದು ಸೂಕ್ತ. 2025ರ ಸೆಪ್ಟೆಂಬರ್ 22ರಿಂದ ಕ್ಯಾಮೆರಾ ಅಳವಡಿತ ಡ್ರೋನ್‌ಗಳಿಗೂ ಶೇ. 5ರ ಏಕರೂಪದ ಸರಕು ಮತ್ತು ಸೇವಾ ತೆರಿಗೆ ಅನ್ವಯಿಸಿದೆ.

4. ವೆಚ್ಚವನ್ನು ಲೆಕ್ಕ ಹಾಕುವ ವಿಧಾನ

ಸ್ವಂತ ಖರೀದಿಯ ವೆಚ್ಚವನ್ನು ಬಾಡಿಗೆಯ ವೆಚ್ಚದೊಂದಿಗೆ ಹೋಲಿಸಿ ನೋಡಬೇಕು. ಈ ಕೆಳಗಿನ ಅಂಕಿಗಳನ್ನು ವಿಧಾನವನ್ನು ತಿಳಿಸಲು ಊಹಿಸಿಕೊಳ್ಳಲಾಗಿದೆ. ಖರೀದಿದಾರರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳಬಹುದು.

ಡ್ರೋನ್ ಮತ್ತು ಹೆಚ್ಚುವರಿ ಬ್ಯಾಟರಿಗಳು: 3,60,000 ರೂ.
ತರಬೇತಿ ವೆಚ್ಚ: 60,000 ರೂ.
ಒಟ್ಟು: 4,20,000 ರೂ.
ನಾಲ್ಕು ವರ್ಷಗಳ ಬಾಳಿಕೆಗೆ ಹಂಚಿದಾಗ ವರ್ಷಕ್ಕೆ: 1,05,000 ರೂ.
ವಿಮೆ, ರೆಕ್ಕೆ, ದುರಸ್ತಿ ಇತ್ಯಾದಿ ವರ್ಷಕ್ಕೆ: 35,000 ರೂ.
ವಾರ್ಷಿಕ ವೆಚ್ಚ: 1,40,000 ರೂ.

ಚಾಲಕ ಸಹಿತ ಡ್ರೋನಿನ ದಿನದ ಬಾಡಿಗೆ 7,000 ರೂ. ಆಗಿದ್ದಲ್ಲಿ, ವರ್ಷಕ್ಕೆ 20 ದಿನಗಳ ಕೆಲಸವಿದ್ದಾಗ ಎರಡೂ ವೆಚ್ಚಗಳು ಸಮನಾಗುತ್ತವೆ. ಆದರೆ ಸ್ವಂತ ಡ್ರೋನ್ ಹಾರಿಸಲು ಒಬ್ಬರನ್ನು ಪ್ರತ್ಯೇಕವಾಗಿ ನಿಯೋಜಿಸಬೇಕಾಗುವುದರಿಂದ ದಿನಕ್ಕೆ 1,500 ರೂ. ಕೂಲಿ ಸೇರಿಸಿದರೆ ಈ ಸಂಖ್ಯೆ 26 ದಿನಗಳಿಗೆ ಏರುತ್ತದೆ. ಸಾಲದ ಬಡ್ಡಿಯನ್ನು ಸೇರಿಸಿದಲ್ಲಿ ಇನ್ನೂ ಹೆಚ್ಚಾಗುತ್ತದೆ.

ದಿನಗಳನ್ನು ಎಣಿಸುವಾಗ ಋತುಮಾನವನ್ನು ಗಮನಿಸುವುದು ಅಗತ್ಯ. ಆಷಾಢದಲ್ಲಿ ಮದುವೆಗಳು ವಿರಳ. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದ ಬಹುಭಾಗ ಹಾರಾಟ ಸಾಧ್ಯವಾಗದು. ಒಂದೇ ಮುಹೂರ್ತದ ದಿನ ನಾಲ್ಕು ಮದುವೆಗಳು ಗೊತ್ತಾದರೂ ಒಂದು ಡ್ರೋನ್ ಒಂದೇ ಕಡೆ ಇರಬಲ್ಲುದು. ಮತ್ತೊಂದೆಡೆ, ಅಂತಹ ದಿನಗಳಲ್ಲಿ ಬಾಡಿಗೆಗೆ ಡ್ರೋನ್ ದೊರೆಯದಿರುವ ಸಂಭವವೂ ಉಂಟು. ಕಳೆದ ಎರಡು ವರ್ಷಗಳ ಮುಂಗಡ ಪುಸ್ತಕವನ್ನು ತೆರೆದು, ಡ್ರೋನ್ ಚಿತ್ರೀಕರಣಕ್ಕೆಂದು ಗ್ರಾಹಕರು ಪ್ರತ್ಯೇಕವಾಗಿ ಹಣ ಕೊಟ್ಟ ದಿನಗಳನ್ನು ಮಾತ್ರ ಎಣಿಸುವುದು ಉತ್ತಮ.

5. ಹಾರಾಟದ ಸ್ಥಳ

ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಪೂರ್ವಾನುಮತಿ ಬೇಕಾಗಿಲ್ಲ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ಅಂತರದಲ್ಲಿ ಈ ಮಿತಿ 200 ಅಡಿ. ಹಳದಿ ವಲಯದಲ್ಲಿ ವಾಯು ಸಂಚಾರ ನಿಯಂತ್ರಣ ಪ್ರಾಧಿಕಾರದ ಹಾಗೂ ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಅವಶ್ಯಕ. ಹಂಪಿಯಂತಹ ಸಂರಕ್ಷಿತ ಸ್ಮಾರಕಗಳಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆಯ ಹಾಗೂ ಬಂಡೀಪುರದಂತಹ ಸಂರಕ್ಷಿತ ಅರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯನ್ನೂ ಪಡೆಯಬೇಕಾಗುತ್ತದೆ. ಕೆಲಸದ ಬಹುಪಾಲು ಸ್ಥಳಗಳು ಹಳದಿ ಅಥವಾ ಕೆಂಪು ವಲಯದಲ್ಲಿದ್ದರೆ, ಉತ್ತಮ ಕ್ಯಾಮೆರಾದಿಂದ ಆ ಅಡಚಣೆ ನಿವಾರಣೆಯಾಗದು.

6. ಯಾರಿಗೆ ಸೂಕ್ತ?

ಅ) ಮುಸ್ಸಂಜೆ ಅಥವಾ ರಾತ್ರಿಯ ದೀಪಾಲಂಕಾರದ ಚಿತ್ರೀಕರಣ, ಚಲನಚಿತ್ರ, ಜಾಹೀರಾತು ಮತ್ತು ದೊಡ್ಡ ಮುದ್ರಣದ ಕೆಲಸಗಳನ್ನು ನಿಯಮಿತವಾಗಿ ಪಡೆಯುವವರಿಗೆ ಉನ್ನತ ದರ್ಜೆಯ ಡ್ರೋನ್ ಸೂಕ್ತ.
ಆ) ಭೂಮಾಪನ ಮಾಡುವವರು ಸೆನ್ಸರಿನ ಗಾತ್ರಕ್ಕಿಂತ ಯಾಂತ್ರಿಕ ಷಟರ್ ಮತ್ತು ನಿಖರ ಸ್ಥಾನ ನಿರ್ಣಯ ವ್ಯವಸ್ಥೆಗೆ ಆದ್ಯತೆ ನೀಡುವುದು ಒಳಿತು.
ಇ) ಹಗಲಿನ ಸಮಾರಂಭಗಳ ಕೆಲವೇ ನಿಮಿಷಗಳ ದೃಶ್ಯ ಬೇಕಾದವರಿಗೆ ನ್ಯಾನೋ ವರ್ಗದ ಡ್ರೋನ್ ಸಾಕಾಗಬಹುದು.
ಈ) ವರ್ಷಕ್ಕೆ ಹತ್ತು-ಹದಿನೈದು ದಿನ ಮಾತ್ರ ಅಗತ್ಯವಿರುವವರು ಪ್ರಮಾಣಪತ್ರ ಪಡೆದ ಚಾಲಕರನ್ನು ದಿನದ ಬಾಡಿಗೆಗೆ ಗೊತ್ತುಪಡಿಸಿಕೊಳ್ಳುವುದು ಮಿತವ್ಯಯಕರ.

ಸಾರಾಂಶ

ಕಾನೂನು, ಕೆಲಸದ ದಿನಗಳು ಮತ್ತು ಚಿತ್ರದ ಗುಣಮಟ್ಟ, ಈ ಮೂರನ್ನು ಇದೇ ಅನುಕ್ರಮದಲ್ಲಿ ಪರಿಶೀಲಿಸಿ ತೀರ್ಮಾನ ಕೈಗೊಳ್ಳುವುದು ಹಿತಕರ. ಮೊದಲೆರಡರಲ್ಲಿ ಸಮರ್ಪಕ ಉತ್ತರ ದೊರೆಯದಿದ್ದಲ್ಲಿ, ಎಷ್ಟೇ ಉತ್ತಮ ಚಿತ್ರ ನೀಡುವ ಡ್ರೋನ್ ಆದರೂ ಅದಕ್ಕಾಗಿ ಸಾಲ ಮಾಡುವುದು ಸೂಕ್ತವಲ್ಲ.